ಹೊರುವವನಿಗೂ ಕಾಣಬೇಕಾದ ತಕ್ಕಡಿ

ತೂಕವೆಂಬುದು ವ್ಯಾಪಾರಿಯ ಮೊದಲ ಪಾಠ. ಅಂಗಡಿಯ ಕಟ್ಟೆಯನ್ನೇರುವ ಹುಡುಗನಿಗೆ ಹಿರಿಯರು ಖಾತೆ-ಕಿರ್ದಿಯನ್ನು ತೋರಿಸುವುದಕ್ಕೂ ಮುಂಚೆ ತಕ್ಕಡಿ ಹಿಡಿಯುವುದನ್ನು ಕಲಿಸುತ್ತಿದ್ದರು. ಮುಳ್ಳು ನಡುವೆ ನಿಂತಿದೆಯೇ, ತಟ್ಟೆಯ ಅಡಿಗೆ ಏನಾದರೂ ಅಂಟಿಕೊಂಡಿದೆಯೇ, ಎರಡೂ ತಟ್ಟೆಗಳು ಗಿರಾಕಿಯ ಕಣ್ಣಿಗೆ ಕಾಣುತ್ತಿವೆಯೇ ಎಂಬ ಈ ಮೂರನ್ನು ನೋಡಿಕೊಂಡವನ ಅಂಗಡಿ ಉಳಿಯುತ್ತದೆಂಬುದು ಅವರ ನಂಬಿಕೆಯಾಗಿತ್ತು. ಧಾರವಾಡ ಜಿಲ್ಲೆಯ ಪಶ್ಚಿಮದಂಚಿನಲ್ಲಿ, ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ತೊಡಗುವ ಎಡೆಯಲ್ಲಿರುವ ಅಳ್ನಾವರಕ್ಕೆ ಈ ಪಾಠ ಹೊಸದಲ್ಲ. ಹುಬ್ಬಳ್ಳಿ-ಲೋಂಡಾ ರೈಲು ಮಾರ್ಗದ ಈ ಜಂಕ್ಷನ್ನಿನಿಂದ ದಾಂಡೇಲಿಯ ಕಡೆಗೆ ಕವಲು ಹೊರಡುತ್ತದೆ. ಕಾಡಿನ ಮರಮುಟ್ಟು, ಗದ್ದೆಯ ಭತ್ತ, ಹೊಲದ ಕಬ್ಬು ಯಾವುದೂ ತೂಗಿಸಿಕೊಳ್ಳದೆ ಊರನ್ನು ಬಿಡುವುದಿಲ್ಲ.

ಆದರೆ ಹೀಗೆ ತೂಗಿದುದೆಲ್ಲವೂ ಸರಕು. ಸರಕನ್ನು ಹೊತ್ತವನ ಶ್ರಮವನ್ನು ತೂಗುವ ತಕ್ಕಡಿ ಪೇಟೆಯಲ್ಲಿ ಇರಲಿಲ್ಲ. ಹಮಾಲನ ಕೂಲಿಯನ್ನು ಚೀಲಗಳ ಎಣಿಕೆಯ ಮೇಲೆ ಕೊಡಲಾಗುತ್ತಿತ್ತು. ಆ ಚೀಲ ಅವನ ಬೆನ್ನಿಗೆ ಎಷ್ಟು ಭಾರವಾಯಿತೆಂಬುದು ಯಾವ ಕಿರ್ದಿಯಲ್ಲಿಯೂ ಏರುತ್ತಿರಲಿಲ್ಲ. ಈಗ ದೇಹದ ಶ್ರಮವನ್ನೇ ಅಳೆಯುವ ಉಪಕರಣಗಳು ಬಂದಿವೆ. ಅವು ಮೊದಲು ಬಂದದ್ದು ಹಮಾಲನ ಬೆನ್ನಿಗಲ್ಲ, ಆಟಗಾರನ ಬೆನ್ನಿಗೆ. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಆವರಣದಲ್ಲಿ ಅಭ್ಯಾಸ ಮಾಡುವ ರಾಷ್ಟ್ರೀಯ ಹಾಕಿ ತಂಡಗಳವರು ಇಂತಹ ಉಪಕರಣವಿರುವ ಒಳ ಅಂಗಿಯನ್ನು ತೊಟ್ಟು ಓಡುವುದು ಹಲವು ವರ್ಷಗಳ ರೂಢಿಯಾಗಿದೆ. ಬಾಸ್ಕೆಟ್‌ಬಾಲ್ ಆಟದಲ್ಲಿಯೂ ಅದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಒಬ್ಬರ ದೇಹದ ಭಾರವನ್ನು ಇನ್ನೊಬ್ಬರು ಅಳೆಯತೊಡಗಿದಾಗ ಧರ್ಮದ ಪ್ರಶ್ನೆಯೊಂದು ಏಳುತ್ತದೆ. ಆ ತಕ್ಕಡಿಯ ಮುಖ ಯಾರ ಕಡೆಗಿರಬೇಕು?

ಪ್ರಶ್ನೆ ಸ್ಪಷ್ಟವಾಗಲೆಂದು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಅಳ್ನಾವರದ ಒಂದು ಕಾಳುಕಡಿ ವ್ಯಾಪಾರದ ಕುಟುಂಬ. ಮಗಳಿಗೆ ಹದಿನಾರು ವರ್ಷ, ಎತ್ತರದ ನಿಲುವು. ಬಾಸ್ಕೆಟ್‌ಬಾಲ್ ಆಟದಲ್ಲಿ ಹೆಸರು ಮಾಡಿ ಕ್ರೀಡಾ ವಸತಿ ನಿಲಯವೊಂದಕ್ಕೆ ಆಯ್ಕೆಯಾಗಿದ್ದಾಳೆ. ಕೆಲವು ತಿಂಗಳುಗಳ ನಂತರ ತಂದೆಯ ಕೈಗೆ ಒಂದು ಒಪ್ಪಿಗೆ ಪತ್ರ ಬರುತ್ತದೆ. ಅಭ್ಯಾಸದ ಹೊತ್ತಿನಲ್ಲಿ ಹುಡುಗಿಯ ಬೆನ್ನಿಗೆ ಸಂವೇದಕವನ್ನೂ ಎದೆಗೆ ನಾಡಿಬಡಿತದ ಪಟ್ಟಿಯನ್ನೂ ಕಟ್ಟಲಾಗುವುದು, ದೊರೆತ ಅಂಕಿಗಳನ್ನು ಸಂಸ್ಥೆಯು ಬಳಸಿಕೊಳ್ಳುವುದು, ಪಾಲಕರು ಸಹಿ ಮಾಡಬೇಕು ಎಂದಷ್ಟೇ ಅದರಲ್ಲಿದೆ. ಅಜ್ಜಿಗೆ ಆತಂಕ: “ಬೆನ್ನಿಗೆ ಯಂತ್ರಾ ಕಟ್ಟಿ ಕೂಸಿನ್ನ ಓಡಸ್ತಾರೇನು?” ತಂದೆಗೆ ಇದು ವಿಜ್ಞಾನದ ಸೌಲಭ್ಯವೆಂಬ ಸಂತೋಷ. ಮಗಳು ದೂರವಾಣಿಯಲ್ಲಿ ಹೇಳುವುದು ಬೇರೆಯೇ ಮಾತು: “ಅಪ್ಪಾ, ಎರಡ ವಾರದಿಂದ ಕಾಲು ಭಾಳ ಜಡ ಆಗ್ಯಾವ. ಯಾರ ಮುಂದ ಹೇಳಲಿ? ಹೇಳಿದರ ತಂಡದಿಂದ ಬಿಡತಾರ.” ನಲವತ್ತು ವರ್ಷ ಅಂಗಡಿಯ ಕಟ್ಟೆಯ ಮೇಲೆ ಕುಳಿತ ಅಜ್ಜನು ಪತ್ರವನ್ನು ಓದಿಸಿ ಕೇಳಿ, “ಇದೂ ಒಂದು ತಕ್ಕಡಿನ. ಇದರ ಮುಖ ಯಾರ ಕಡೆ ಇರತೈತಿ, ಅದನ್ನ ಮೊದಲ ಕೇಳಪಾ” ಎನ್ನುತ್ತಾನೆ. ಸಹಿ ಮಾಡಬೇಕೇ ಬೇಡವೇ ಎಂಬುದು ಈ ಮನೆಯ ಮುಂದಿರುವ ನಿರ್ಣಯ.

ನಿರ್ಣಯಕ್ಕೆ ಮುನ್ನ ತಕ್ಕಡಿಯ ರಚನೆಯನ್ನು ತಿಳಿದಿರಬೇಕು. ಭುಜದ ಎಲುಬುಗಳ ನಡುವೆ ಕಟ್ಟುವ ಈ ಸಂವೇದಕವು ಬೆಂಕಿಪೆಟ್ಟಿಗೆಯನ್ನು ಹೋಲುವಷ್ಟು ಚಿಕ್ಕದು. ಬಸ್ಸು ಹಠಾತ್ತನೆ ನಿಂತಾಗ ಒಳಗೆ ನಿಂತ ಪ್ರಯಾಣಿಕನು ಮುಂದಕ್ಕೆ ವಾಲುತ್ತಾನಷ್ಟೆ. ಅದೇ ರೀತಿಯಲ್ಲಿ ಆಟಗಾರ್ತಿಯು ಓಡಿ, ನಿಂತು, ತಿರುಗಿ, ಜಿಗಿದಾಗ ಉಪಕರಣದೊಳಗಿನ ಅತಿಸೂಕ್ಷ್ಮವಾದ ತುಣುಕೊಂದು ವಾಲುತ್ತದೆ. ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ ಎಂಬ ಮೂರು ದಿಕ್ಕುಗಳ ಈ ವಾಲುವಿಕೆಯು ಸೆಕೆಂಡಿಗೆ 100 ಬಾರಿಯಂತೆ ದಾಖಲಾಗುತ್ತದೆ. ಒಂದು ಕ್ಷಣದಿಂದ ಮತ್ತೊಂದು ಕ್ಷಣಕ್ಕೆ ಆದ ಬದಲಾವಣೆಗಳನ್ನೆಲ್ಲ ಸೂತ್ರವೊಂದರಂತೆ ಕೂಡಿಸಿದಾಗ ಆ ದಿನದ ಭಾರವೆಂಬ ಒಂದೇ ಅಂಕಿ ಹೊರಬೀಳುತ್ತದೆ. ಮೈದಾನದ ಆಟಗಳಲ್ಲಿ ಉಪಗ್ರಹದ ಸಂಕೇತದಿಂದ ಓಡಿದ ದೂರವನ್ನೂ ತಿಳಿಯಬಹುದು. ಬಾಸ್ಕೆಟ್‌ಬಾಲ್ ಬಹುಮಟ್ಟಿಗೆ ಸೂರಿನಡಿಯ ಆಟವಾದುದರಿಂದ ಉಪಗ್ರಹದ ನೆರವು ಅಲ್ಲಿ ದೊರೆಯದು. ಅಂಗಣದ ಸುತ್ತಲೂ ಬೇರೆ ಗ್ರಾಹಕಗಳನ್ನು ನೆಡಬೇಕು, ಇಲ್ಲವೇ ಬೆನ್ನಿನ ಸಂವೇದಕವೊಂದನ್ನೇ ನಂಬಬೇಕು.

ಈ ಆಟಕ್ಕೆ ಇಂತಹ ಅಳತೆ ಏಕೆ ಬೇಕಾಯಿತೆಂಬುದೂ ವಿಚಾರಾರ್ಹ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ವಿದ್ಯಾರ್ಥಿಗಳಿಗೆ ವ್ಯಾಯಾಮವಾಗಲೆಂದು ರೂಪಿಸಿದ ಈ ಆಟ ಇಂದು 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಗಣದಲ್ಲಿ 40 ನಿಮಿಷ ನಡೆಯುತ್ತದೆ. ಅಂಗಣ ಚಿಕ್ಕದಾದುದರಿಂದ ಓಟಕ್ಕಿಂತ ಹೆಚ್ಚಿನ ದಣಿವು ನಿಲ್ಲುವುದರಲ್ಲಿದೆ. ವೇಗದಿಂದ ಬಂದು ಒಮ್ಮೆಲೆ ನಿಂತಾಗ, ಮೇಲೆ ಜಿಗಿದು ನೆಲಕ್ಕೆ ಬಿದ್ದಾಗ, ದೇಹದ ತೂಕದ ಹಲವು ಪಟ್ಟು ಒತ್ತಡ ಮೊಣಕಾಲಿನ ಮೇಲೆ ಬೀಳುತ್ತದೆ. ಮೊಣಕಾಲಿನೊಳಗಿನ ಅಸ್ಥಿಬಂಧ ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚೆಂಬುದು ವೈದ್ಯಲೋಕ ಒಪ್ಪಿದ ಸಂಗತಿ. 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಿಸ್ತಾನವನ್ನು 75-73 ಅಂಕಗಳಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗದ ಪ್ರಶಸ್ತಿಯನ್ನು ಗೆದ್ದರು. ಎರಡೇ ಅಂಕಗಳ ಅಂತರದಿಂದ ಬಂದ ಆ ಗೆಲುವನ್ನು ಕಂಡು ಎಷ್ಟೋ ಊರುಗಳ ಹುಡುಗಿಯರಿಗೆ ಚೆಂಡನ್ನು ಹಿಡಿಯುವ ಆಸೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಗೆಲುವಿನ ಅಂತರ ಅಷ್ಟು ಕಿರಿದಾಗಿರುವಲ್ಲಿ “ಇನ್ನೊಂದು ಸುತ್ತು, ಇನ್ನೊಂದು ಜಿಗಿತ” ಎಂಬ ಒತ್ತಾಯವೂ ಹೆಚ್ಚುತ್ತದೆ. ಅಳತೆಯಿಲ್ಲದಿದ್ದಾಗ ತರಬೇತುದಾರನು ಕಣ್ಣಂದಾಜಿನಿಂದ ನಡೆಯಬೇಕು. ಅಂದಾಜು ತಪ್ಪಿದರೆ ಅದರ ಬೆಲೆಯನ್ನು ತೆರುವುದು ಹುಡುಗಿಯ ಮೊಣಕಾಲು.

ಆದುದರಿಂದ ಅಳತೆಯನ್ನು ಕೇವಲ ಅನುಮಾನದಿಂದ ತಿರಸ್ಕರಿಸುವುದು ಸಲ್ಲದು. ಲೆಕ್ಕವನ್ನು ಬಲ್ಲ ವ್ಯಾಪಾರಿಗೆ ಅದರ ತರ್ಕ ಕೂಡಲೇ ತಿಳಿಯುತ್ತದೆ. ಒಂದು ವಾರದ ಭಾರವನ್ನು ಹಿಂದಿನ ನಾಲ್ಕು ವಾರಗಳ ಸರಾಸರಿಯೊಡನೆ ಹೋಲಿಸಿ, ಏರಿಕೆ ಅತಿಯಾದಲ್ಲಿ ಎಚ್ಚರಗೊಳ್ಳುವ ಕ್ರಮವೊಂದಿದೆ. ಆಸ್ಟ್ರೇಲಿಯದ ಟಿಮ್ ಗ್ಯಾಬೆಟ್ 2016ರಲ್ಲಿ ಪ್ರಕಟಿಸಿದ ಲೇಖನದಿಂದ ಅದಕ್ಕೆ ವಿಶೇಷ ಪ್ರಚಾರ ದೊರೆಯಿತು. ಈ ಅನುಪಾತ 0.8ರಿಂದ 1.3ರೊಳಗೆ ಇದ್ದರೆ ಕ್ಷೇಮವೆಂದು ಆಗ ಹೇಳಲಾಯಿತು. ಆನಂತರ ಬೇರೆ ಸಂಶೋಧಕರು ಈ ಲೆಕ್ಕದ ಬುನಾದಿಯನ್ನೇ ಪ್ರಶ್ನಿಸಿದ್ದಾರೆ. ಆದ್ದರಿಂದ ಅದನ್ನು ಎಚ್ಚರಿಕೆಯ ಗಂಟೆಯೆಂದು ತಿಳಿಯಬೇಕೇ ಹೊರತು ತೀರ್ಪೆಂದು ತಿಳಿಯಬಾರದು. ಇದಲ್ಲದೆ ಬೆನ್ನಿನ ಸಂವೇದಕದ ಅಂಕಿಗೆ ಕಿಲೋ, ಲೀಟರುಗಳಂತೆ ಸರ್ವಮಾನ್ಯ ಮಾನವೂ ಇಲ್ಲ. ತಯಾರಕರ ಸೂತ್ರ ಬದಲಾದರೆ ಅಂಕಿಯೂ ಬದಲಾಗುತ್ತದೆ. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಬರುವವರೆಗೆ ಒಂದು ಪೇಟೆಯ ಸೇರು ಇನ್ನೊಂದು ಪೇಟೆಯ ಸೇರಿಗೆ ಸರಿಹೊಂದುತ್ತಿರಲಿಲ್ಲವೆಂಬುದನ್ನು ಹಿರಿಯರು ಬಲ್ಲರು. ಆಟಗಾರರ ಭಾರದ ಅಳತೆ ಇನ್ನೂ ಆ ಕಾಲದಲ್ಲಿಯೇ ಇದೆ.

ಇದಕ್ಕಿಂತಲೂ ಆಳವಾದ ಕೊರತೆಯೊಂದುಂಟು. ಸಂವೇದಕವು ಚಲನೆಯನ್ನು ಅಳೆಯುತ್ತದೆ. ಚಲನೆಯಿಲ್ಲದ ಶ್ರಮ ಅದಕ್ಕೆ ಕಾಣುವುದಿಲ್ಲ. ಬುಟ್ಟಿಯ ಬಳಿ ಎದುರಾಳಿಯನ್ನು ಮೈಯಿಂದ ತಡೆದು ಅಲುಗಾಡದೆ ನಿಂತ ಆಟಗಾರ್ತಿಯ ಸ್ನಾಯುಗಳು ಬಿಗಿದು ನಡುಗುತ್ತಿದ್ದರೂ ಉಪಕರಣವು ಆಕೆ ಹೆಚ್ಚು-ಕಡಿಮೆ ವಿಶ್ರಾಂತಿಯಲ್ಲಿದ್ದಾಳೆಂದೇ ಬರೆದುಕೊಳ್ಳುತ್ತದೆ. ಲಾರಿಯ ಹಲಗೆ ತೆರವಾಗಲೆಂದು ಬೆನ್ನ ಮೇಲೆ ಚೀಲವನ್ನು ಹೊತ್ತು ಕಾದು ನಿಂತ ಹಮಾಲನಿಗೆ ಇದನ್ನು ಕಟ್ಟಿದರೆ ಅವನೂ ವಿರಮಿಸುತ್ತಿರುವನೆಂದೇ ಅದು ಹೇಳೀತು. ಹೊರೆಯ ಅತ್ಯಂತ ಕಠಿಣವಾದ ಭಾಗ ಅದನ್ನು ಹೊತ್ತು ನಿಲ್ಲುವುದೆಂದು ಹೊತ್ತವರಷ್ಟೇ ಬಲ್ಲರು.

ಕ್ರೀಡಾವಿಜ್ಞಾನಿಗಳೂ ಈ ಭೇದವನ್ನು ಗುರುತಿಸಿದ್ದಾರೆ. ದೇಹವು ಹೊರಗೆ ಮಾಡಿದ ಕೆಲಸವನ್ನು ಬಾಹ್ಯ ಭಾರವೆಂದೂ, ಆ ಕೆಲಸವು ಒಳಗೆ ಉಂಟುಮಾಡಿದ ಆಯಾಸವನ್ನು ಅಂತರಂಗದ ಭಾರವೆಂದೂ ಅವರು ವಿಂಗಡಿಸುತ್ತಾರೆ. ಒಂದೇ ಅಂಗಣದಲ್ಲಿ ಒಂದೇ ಅಭ್ಯಾಸವನ್ನು ಮಾಡಿದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಹಿಂದಿನ ರಾತ್ರಿ ಚೆನ್ನಾಗಿ ನಿದ್ರಿಸಿದ್ದಾಳೆ. ಇನ್ನೊಬ್ಬಳು ಪರೀಕ್ಷೆಯ ಚಿಂತೆಯಲ್ಲಿ ಎಚ್ಚರವಾಗಿದ್ದಾಳೆ, ಅಥವಾ ಪರ್ಯುಷಣ ಪರ್ವದಲ್ಲಿ ಏಕಾಶನವನ್ನು ಕೈಗೊಂಡಿದ್ದಾಳೆ. ಇಬ್ಬರ ಬಾಹ್ಯ ಭಾರ ಸಮ, ಅಂತರಂಗದ ಭಾರ ವಿಷಮ.

ಈ ಒಳಗಿನ ಭಾರವನ್ನು ಅಳೆಯಲು ಕಂಡುಹಿಡಿದ ಉಪಾಯವು ಆಶ್ಚರ್ಯವೆನಿಸುವಷ್ಟು ಸರಳವಾದುದು. ಸ್ವೀಡನ್ನಿನ ಮನಃಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಅವರು ಶ್ರಮದ ಅನಿಸಿಕೆಯನ್ನು 6ರಿಂದ 20ರವರೆಗಿನ ಅಂಕಿಗಳಲ್ಲಿ ಹೇಳಿಸುವ ಅಳತೆಗೋಲನ್ನು ರೂಪಿಸಿದರು. ಆಟಗಾರನು ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಅದು ಸುಮಾರಾಗಿ ಅವನ ನಾಡಿಬಡಿತಕ್ಕೆ ಹೊಂದಿಕೊಳ್ಳುತ್ತಿತ್ತು. 1990ರ ದಶಕದಲ್ಲಿ ಅಮೆರಿಕದ ಕಾರ್ಲ್ ಫಾಸ್ಟರ್ ಮತ್ತು ಸಂಗಡಿಗರು ಅದನ್ನು ಮತ್ತಷ್ಟು ಸುಲಭಗೊಳಿಸಿದರು. ಅಭ್ಯಾಸ ಮುಗಿದು ಅರ್ಧ ಗಂಟೆಯ ನಂತರ “ಇಂದು ಎಷ್ಟು ಕಷ್ಟವಾಯಿತು?” ಎಂದು ಕೇಳುವುದು, ಸೊನ್ನೆಯಿಂದ ಹತ್ತರೊಳಗೆ ಬಂದ ಉತ್ತರವನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸುವುದು, ಇಷ್ಟೇ ಅದರ ಕ್ರಮ. 90 ನಿಮಿಷಗಳ ಅಭ್ಯಾಸಕ್ಕೆ ಒಬ್ಬಳು 4 ಎಂದರೆ ಭಾರ 360. ಇನ್ನೊಬ್ಬಳು 7 ಎಂದರೆ 630. ಯಂತ್ರಕ್ಕೆ ಒಂದೇ ಆಗಿ ಕಂಡ ದಿನವು ಮಾತಿನಲ್ಲಿ ಎರಡಾಯಿತು. 2016ರಲ್ಲಿ ಬ್ರಿಟಿಷ್ ಕ್ರೀಡಾ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾದ, ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಸಮೀಕ್ಷೆಯೊಂದು, ಕ್ರೀಡಾಪಟು ತಾನೇ ಹೇಳುವ ಮಾತು ತರಬೇತಿಯ ಭಾರವನ್ನು ಸೂಚಿಸುವುದರಲ್ಲಿ ಉಪಕರಣ ಮತ್ತು ರಕ್ತಪರೀಕ್ಷೆಗಳ ಅಂಕಿಗಳಿಗಿಂತ ಸೂಕ್ಷ್ಮವೂ ಸ್ಥಿರವೂ ಆಗಿದೆಯೆಂಬ ನಿರ್ಣಯಕ್ಕೆ ಬಂದಿತು. ಹೊತ್ತವನನ್ನು ಕೇಳಬೇಕೆಂಬ ಹಳೆಯ ವಿವೇಕಕ್ಕೆ ವಿಜ್ಞಾನವು ಸುತ್ತು ಬಳಸಿ ಮರಳಿದಂತಾಯಿತು.

ಇಲ್ಲಿ ಶ್ರಾವಕಾಚಾರದ ಒಂದು ವಿಚಾರವನ್ನು ನೆನೆಯುವುದು ಉಚಿತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಅನ್ನಪಾನಗಳನ್ನು ತಡೆಯುವುದು ಇವುಗಳ ಸಾಲಿನಲ್ಲಿಯೇ ಅತಿಯಾದ ಭಾರವನ್ನು ಹೊರಿಸುವುದನ್ನೂ ಆಚಾರ್ಯರು ಇರಿಸಿದ್ದಾರೆ. ಇದನ್ನು ವಿವರಿಸುವಾಗ ಕನ್ನಡನಾಡಿನವರೇ ಆದ ಪೂಜ್ಯಪಾದರು ನ್ಯಾಯವಾದ ಭಾರವನ್ನು ಮೀರಿ ಹೊರಿಸುವುದೆಂಬ ಅರ್ಥವನ್ನು ಕೊಡುತ್ತಾರೆ. ಇಲ್ಲಿ ನ್ಯಾಯವೆಂಬ ಮಾತು ಮುಖ್ಯ. ಹೊರಲು ಸಾಧ್ಯವಾದ ಭಾರವೇ ಬೇರೆ, ಹೊರಿಸಲು ನ್ಯಾಯವಾದ ಭಾರವೇ ಬೇರೆ. ಹಸಿದವನು ಕೂಲಿಗಾಗಿ ಕ್ವಿಂಟಲ್ ಚೀಲವನ್ನು ಎತ್ತಿಯಾನು. ತಂಡದಲ್ಲಿ ಉಳಿಯುವ ಆಸೆಯಿಂದ ಹುಡುಗಿಯೊಬ್ಬಳು ಊದಿಕೊಂಡ ಮೊಣಕಾಲಿನಲ್ಲಿಯೇ ಜಿಗಿದಾಳು. ಎತ್ತಿದನೆಂಬುದಾಗಲಿ ಜಿಗಿದಳೆಂಬುದಾಗಲಿ ಆ ಭಾರ ನ್ಯಾಯವೆಂಬುದಕ್ಕೆ ಪ್ರಮಾಣವಾಗದು. ಸಂವೇದಕವು ದೇಹದ ಸಾಮರ್ಥ್ಯದ ಸುಳಿವನ್ನು ನೀಡಬಲ್ಲುದು; ನ್ಯಾಯವನ್ನು ನಿರ್ಣಯಿಸಬೇಕಾದವನು ಮನುಷ್ಯನೇ.

ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೊಂದು ವಿಶೇಷವಿದೆ. ಅವರು ಅತಿಭಾರವನ್ನು ಅಹಿಂಸೆಯ ಅತಿಚಾರಗಳಲ್ಲಿ ಎಣಿಸಿದ್ದಲ್ಲದೆ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿಯೂ ಮತ್ತೊಮ್ಮೆ ಎಣಿಸಿದ್ದಾರೆ. ಅಲ್ಲಿ ಅದು ಅತಿಸಂಗ್ರಹ, ಲೋಭಗಳ ನೆರೆಯಲ್ಲಿ ನಿಲ್ಲುತ್ತದೆ. ಒಂದೇ ದೋಷವನ್ನು ಎರಡು ಕಡೆ ಹೇಳಿದುದು ಸಕಾರಣವಾಗಿದೆ. ಹೊರುವವನ ಕಡೆಯಿಂದ ನೋಡಿದರೆ ಅದು ನೋವು. ಹೊರಿಸುವವನ ಕಡೆಯಿಂದ ನೋಡಿದರೆ ಲೋಭ. ಎರಡು ಸಲ ಸಾಗಿಸಬೇಕಾದ ಸರಕನ್ನು ಒಂದೇ ಸಲ ಸಾಗಿಸುವ ಆಸೆಯಿಂದ ಗಾಡಿ ಅತಿಭಾರವಾಗುತ್ತದೆ. ಎರಡು ವರ್ಷಗಳಲ್ಲಿ ಬರಬೇಕಾದ ಪದಕವನ್ನು ಒಂದೇ ವರ್ಷದಲ್ಲಿ ತರುವ ಆಸೆಯಿಂದ ಹುಡುಗಿಯ ದಿನಚರಿ ಅತಿಭಾರವಾಗುತ್ತದೆ. ಆ ಆಸೆ ತರಬೇತುದಾರನದೇ ಆಗಿರಬೇಕೆಂದಿಲ್ಲ. ಸಂಸ್ಥೆಯದಾಗಿರಬಹುದು, ತಂದೆತಾಯಿಗಳದೂ ಆಗಿರಬಹುದು.

ಭಾರಕ್ಕೆ ಮಿತಿಯನ್ನು ಹಾಕುವ ಪ್ರಯತ್ನ ಆಧುನಿಕ ಶಾಸನಗಳಲ್ಲಿಯೂ ನಡೆದಿದೆ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯಲು 1965ರಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮಗಳಂತೆ ರಬ್ಬರ್ ಗಾಲಿಯಿಲ್ಲದ ಎರಡು ಚಕ್ರದ ಗಾಡಿಯಲ್ಲಿ ಮಧ್ಯಮ ಗಾತ್ರದ ಎತ್ತೊಂದಕ್ಕೆ 700 ಕಿಲೋ ಗರಿಷ್ಠ ಭಾರ. ದಿನಕ್ಕೆ ಒಟ್ಟು 9 ಗಂಟೆಗಳಿಗಿಂತ ಹೆಚ್ಚಾಗಿ ದುಡಿಸಬಾರದು, ನಡುವೆ ವಿಶ್ರಾಂತಿಯಿಲ್ಲದೆ 5 ಗಂಟೆಗಳನ್ನು ಮೀರಬಾರದು, ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ದಾಟುವ ಪ್ರದೇಶಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಬೆಂಗಳೂರಿನ ಭಾರತೀಯ ವ್ಯವಸ್ಥಾಪನ ಸಂಸ್ಥೆಯ ಪ್ರಥಮ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದು, ನೊಗದಿಂದ ಹೆಗಲಿಗಾಗುವ ಗಾಯವನ್ನು ವಿದ್ವಾಂಸರ ಗಮನಕ್ಕೆ ತಂದರು. ಮನುಷ್ಯರ ವಿಷಯದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ ವಯಸ್ಕ ಪುರುಷನೊಬ್ಬನು ಹೊರುವ ಭಾರ 55 ಕಿಲೋಗಳನ್ನು ಮೀರದಿರಲೆಂದು ಶಿಫಾರಸು ಮಾಡಿತು. ಕೇರಳವು 75 ಕಿಲೋ ಇದ್ದ ಮಿತಿಯನ್ನು 55ಕ್ಕೆ ಇಳಿಸಲು ನಿರ್ಧರಿಸಿದ್ದು 2021ರಲ್ಲಿ. ಶಿಫಾರಸಿನಿಂದ ನಿರ್ಧಾರದವರೆಗೆ 54 ವರ್ಷಗಳು ಸಂದವು. ತಿಳಿದ ಮಾತ್ರಕ್ಕೆ ಭಾರ ಇಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಅಳತೆಯಿಂದ ಆಗುವುದೇನು? ಅಳತೆಯು ಅಜ್ಞಾನವೆಂಬ ನೆಪವನ್ನು ಕಸಿದುಕೊಳ್ಳುತ್ತದೆ. ಭಾರ ಅತಿಯಾಯಿತೆಂದು ತಿಳಿಯದೆ ಹೊರಿಸಿದವನಿಗೂ, ಅಂಕಿಯನ್ನು ಕಣ್ಣಾರೆ ಕಂಡು ಹೊರಿಸಿದವನಿಗೂ ಭೇದವಿದೆ. ಸಂವೇದಕವನ್ನು ಕಟ್ಟಿದ ಸಂಸ್ಥೆಯು ಇನ್ನು ಮುಂದೆ “ನಮಗೆ ಗೊತ್ತಿರಲಿಲ್ಲ” ಎನ್ನುವಂತಿಲ್ಲ. ಹುಡುಗಿಯ ಬೆನ್ನಿಗೆ ಉಪಕರಣವನ್ನು ಕಟ್ಟಿದ ದಿನವೇ ಆ ಸಂಸ್ಥೆಯ ಹೆಗಲಿಗೆ ಹೊಣೆಯನ್ನು ಕಟ್ಟಿದಂತಾಯಿತು.

ಇನ್ನು ಅಜ್ಜನ ಪ್ರಶ್ನೆಗೆ ಬರಬಹುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವು ಒಂದು. ಕೊಳ್ಳಲು ಒಂದು ತೂಕ, ಕೊಡಲು ಇನ್ನೊಂದು ತೂಕವನ್ನು ಇರಿಸಿಕೊಳ್ಳುವುದು. ಗಿರಾಕಿಗೆ ಕಾಣದ ತಕ್ಕಡಿ ಆ ದೋಷಕ್ಕೆ ಬಾಗಿಲು. ಆಟಗಾರ್ತಿಯ ಅಂಕಿಗಳು ಆಕೆಗೆ ಕಾಣದೆ ಸಂಸ್ಥೆಯ ಗಣಕಯಂತ್ರದಲ್ಲಷ್ಟೇ ಉಳಿದರೆ ಪರಿಣಾಮ ಅದೇ. ಭಾರವನ್ನು ಇಳಿಸಲೆಂದು ಹೇಳಿ ಸಂಗ್ರಹಿಸಿದ ಅಂಕಿಯನ್ನು, ಮುಂದಿನ ಆಯ್ಕೆಯ ದಿನ “ಈಕೆ ಬೇಗ ದಣಿಯುತ್ತಾಳೆ” ಎಂದು ಆಕೆಯನ್ನೇ ಕೈಬಿಡಲು ಬಳಸಿದರೆ ಅದು ಎರಡು ತೂಕಗಳ ವ್ಯಾಪಾರವೇ ಸರಿ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನೂ ಹೇಳಲಾಗಿದೆ. ನಂಬಿ ಇಟ್ಟ ಇಡುಗಂಟನ್ನು ಕಬಳಿಸುವುದು. ಹುಡುಗಿಯ ನಾಡಿಬಡಿತ, ನಿದ್ರೆ, ನೋವುಗಳ ವಿವರವೂ ಆಕೆಯು ನಂಬಿ ಇಟ್ಟ ನ್ಯಾಸ. ಇಟ್ಟ ಉದ್ದೇಶಕ್ಕಲ್ಲದೆ ಅದನ್ನು ಬೇರೆಯದಕ್ಕೆ ಬಳಸುವ ಅಧಿಕಾರ ಇಟ್ಟುಕೊಂಡವನಿಗಿಲ್ಲ. ದೇವಾಲಯದ ಟ್ರಸ್ಟುಗಳನ್ನು ನಡೆಸುವವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಈ ಮಾತು ಬರಿಯ ಆದರ್ಶವಲ್ಲ; ಕೇಳುವ ಬಲವಿದ್ದವರು ಇದನ್ನು ಬರೆಸಿಕೊಂಡಿದ್ದಾರೆ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಎನ್‌ಬಿಎ ಮತ್ತು ಅಲ್ಲಿನ ಆಟಗಾರರ ಸಂಘದ ನಡುವೆ 2017ರಲ್ಲಿ ಜಾರಿಗೆ ಬಂದ ಒಪ್ಪಂದದಂತೆ ಸಂವೇದಕವನ್ನು ಧರಿಸುವುದು ಆಟಗಾರನ ಇಚ್ಛೆಗೆ ಸೇರಿದ್ದು. ಯಾವಾಗ ಬೇಕಾದರೂ ಆತನು ನಿರಾಕರಿಸಬಹುದು. ಏನನ್ನು ಅಳೆಯಲಾಗುತ್ತದೆ, ಏಕೆ ಎಂಬುದನ್ನು ತಂಡವು ಮೊದಲೇ ಬರಹದಲ್ಲಿ ತಿಳಿಸಬೇಕು. ತನ್ನ ಅಂಕಿಗಳೆಲ್ಲವೂ ಆಟಗಾರನಿಗೆ ದೊರೆಯಬೇಕು. ಸಂಭಾವನೆಯ ಮಾತುಕತೆಯಲ್ಲಿ ಅವುಗಳನ್ನು ಬಳಸುವಂತಿಲ್ಲ. ಬಳಸಿದ ತಂಡಕ್ಕೆ 2.5 ಲಕ್ಷ ಡಾಲರ್‌ಗಳವರೆಗೆ ದಂಡ. ಕೋಟಿಗಟ್ಟಲೆ ಗಳಿಸುವ ಆಟಗಾರರು ಸಂಘಟಿತರಾಗಿ ಪಡೆದ ಈ ರಕ್ಷಣೆಯು ಅಳ್ನಾವರದ ಹದಿನಾರರ ಹುಡುಗಿಗೆ ತಾನಾಗಿ ದೊರೆಯುವುದಿಲ್ಲ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಹಾಗೆಂದು ಕೈಯಲ್ಲಿರುವ ಪತ್ರವನ್ನು ಓದದೆ ಸಹಿ ಮಾಡಿದರೆ ಕಾಯ್ದೆಯೂ ಕೈಲಾಗದ್ದಾಗುತ್ತದೆ.

ಕೇಳುವ ಬಲವಿಲ್ಲದವರ ಗತಿಯನ್ನೂ ನೋಡಬೇಕು. 2020ರ ಆಸುಪಾಸಿನಲ್ಲಿ ನಾಗಪುರ, ಚಂಡೀಗಡ ಮುಂತಾದ ನಗರಗಳಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರ ಕೈಗೂ ಉಪಗ್ರಹದ ಸಂಕೇತವಿರುವ ಗಡಿಯಾರಗಳನ್ನು ಕಟ್ಟಲಾಯಿತು; ಕಾರ್ಮಿಕರಿಂದ ವಿರೋಧವೂ ಬಂದಿತು. ಆಟಗಾರನಿಗೆ ಕಟ್ಟಿದ ಉಪಕರಣವು ಅವನು ಎಷ್ಟು ದಣಿದನೆಂದು ಕೇಳಿತು. ಪೌರಕಾರ್ಮಿಕನಿಗೆ ಕಟ್ಟಿದ ಉಪಕರಣವು ಅವನು ಎಲ್ಲಿ ನಿಂತನೆಂದು ಮಾತ್ರ ಕೇಳಿತು. ತಂತ್ರಜ್ಞಾನ ಬಹುಮಟ್ಟಿಗೆ ಒಂದೇ. ತಕ್ಕಡಿಯ ಮುಖ ತಿರುಗಿತ್ತು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸುವುದು ಅವಶ್ಯ. ಆಟಗಾರ್ತಿಯ ಮಾತನ್ನೇ ನಂಬಬೇಕೆಂದರೆ ಆಕೆ ಸುಳ್ಳು ಹೇಳಲಾರಳೇ? ಹೇಳಬಲ್ಲಳು. ತಂಡದಿಂದ ಬಿಟ್ಟಾರೆಂಬ ಭಯದಿಂದ 8 ಎನ್ನಬೇಕಾದಲ್ಲಿ 5 ಎಂದಾಳು. ಶ್ರಮವನ್ನು ತಪ್ಪಿಸಿಕೊಳ್ಳಲು 5ನ್ನು 8 ಎನ್ನುವವರೂ ಇರಬಹುದು. ಯಂತ್ರದ ಉಪಯೋಗ ಇಲ್ಲಿಯೇ. ಅಂಕಿ ಮತ್ತು ಮಾತು ಎರಡು ಸಾಕ್ಷಿಗಳಿದ್ದಂತೆ. ಇವೆರಡೂ ಹೊಂದದಿದ್ದಾಗ ಮಾತನ್ನು ತಳ್ಳಿಹಾಕಿ ಅಂಕಿಯನ್ನು ಎತ್ತಿಹಿಡಿಯುವುದು ಸುಲಭ. ಆದರೆ ಆ ಭೇದವೇ ತರಬೇತುದಾರನಿಗೆ “ಬಳಿಗೆ ಹೋಗಿ ವಿಚಾರಿಸು” ಎಂದು ಹೇಳುವ ಸೂಚನೆ. ಅಂಕಿ ಇಳಿದಿದೆ, ಹುಡುಗಿ ದಣಿದಿದ್ದೇನೆ ಎನ್ನುತ್ತಾಳೆ ಎಂದರೆ ಜ್ವರವಿರಬಹುದು, ಹಸಿವಿರಬಹುದು, ಮನೆಯ ನೆನಪಿರಬಹುದು. ಸತ್ಯವನ್ನು ನುಡಿದವಳಿಗೆ ಶಿಕ್ಷೆ ಕಾದಿರುವ ಕಡೆ ಸುಳ್ಳಿನ ದೋಷವು ನುಡಿದವಳದಷ್ಟೇ ಅಲ್ಲ. ಸತ್ಯವನ್ನು ದುಬಾರಿಗೊಳಿಸಿದವರೂ ಅದರಲ್ಲಿ ಪಾಲುದಾರರು.

ಇಷ್ಟನ್ನು ಕ್ರೀಡೆಯ ಕುರಿತು ಒಪ್ಪಿದವರು ತಮ್ಮ ಯಾತ್ರೆಯ ಕುರಿತೂ ಯೋಚಿಸಬೇಕಾಗುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಲಾರದ ವೃದ್ಧರನ್ನು ಡೋಲಿಯವರು ಹೊತ್ತೊಯ್ಯುತ್ತಾರೆ. ಸಮ್ಮೇದ ಶಿಖರ್ಜಿಯಲ್ಲಿ ಹತ್ತುವ, ಸುತ್ತುವ, ಇಳಿಯುವ ದಾರಿ ಸೇರಿ ಸುಮಾರು 27 ಕಿಲೋಮೀಟರ್; ಅಲ್ಲಿ ಡೋಲಿಯ ದರವು ಯಾತ್ರಿಕರ ತೂಕವನ್ನು ಅವಲಂಬಿಸಿದೆ. ಹೊರೆಯಾದವರನ್ನು ಗ್ರಾಂ ಬಿಡದೆ ತೂಗಿ ದರವನ್ನು ಗೊತ್ತುಪಡಿಸಿದರೂ ಹೊರುವವರ ಮೊಣಕಾಲನ್ನು ಕೇಳುವ ಪದ್ಧತಿ ಬೆಳೆಯಲಿಲ್ಲ. ಡೋಲಿ ಅನೇಕರ ಜೀವನೋಪಾಯವಾದುದರಿಂದ ಅದನ್ನು ನಿಲ್ಲಿಸುವುದು ಪರಿಹಾರವಾಗದು. ಅಶಕ್ತರಿಗೆ ದರ್ಶನವೂ ತಪ್ಪಬಾರದು. ಆದರೆ ಭಾರ ಹೆಚ್ಚಿದಲ್ಲಿ ದರದೊಡನೆ ಹೊರುವವರ ಸಂಖ್ಯೆಯೂ ಹೆಚ್ಚಬೇಕು, ದಿನಕ್ಕೆ ಎಷ್ಟು ಸರದಿ ಎಂಬುದಕ್ಕೆ ಮಿತಿ ಬೇಕು, ನಡುದಾರಿಯಲ್ಲಿ ನೆರಳು-ನೀರು ಬೇಕು, ಎಲ್ಲಕ್ಕಿಂತ ಮೊದಲು ಇಳಿಸಿದ ಮೇಲೆ “ಎಷ್ಟು ಭಾರವಾಯಿತಪ್ಪಾ?” ಎಂದು ಕೇಳುವವರೊಬ್ಬರು ಬೇಕು. ಈ ಪ್ರಶ್ನೆಗೆ ಯಂತ್ರದ ಖರ್ಚಿಲ್ಲ. ಜಾತ್ರೆ, ಪಂಚಕಲ್ಯಾಣಗಳಲ್ಲಿ ನೂರಾರು ಕೂಲಿಗಳಿಂದ ದುಡಿಸಿಕೊಳ್ಳುವ ಟ್ರಸ್ಟುಗಳಿಗೂ, ಗೋದಾಮಿನಲ್ಲಿ ಚೀಲವನ್ನು ಇಳಿಸಿಕೊಳ್ಳುವ ಅಂಗಡಿಕಾರರಿಗೂ ಇದೇ ಮಾತು ಸಲ್ಲುತ್ತದೆ.

ಅಳ್ನಾವರದ ಆ ಮನೆಯ ತಂದೆಯು ಮಾಡಬೇಕಾದುದು ಈಗ ಸ್ಪಷ್ಟ. ಪತ್ರವನ್ನು ಹರಿದೊಗೆಯುವುದು ಬೇಡ. ಕಣ್ಣು ಮುಚ್ಚಿ ಸಹಿ ಮಾಡುವುದೂ ಬೇಡ. ಸಹಿಯ ಮೇಲ್ಗಡೆ ನಾಲ್ಕು ಮಾತುಗಳನ್ನು ಸ್ವಹಸ್ತದಿಂದ ಬರೆಯಲಿ. ಅಂಕಿಗಳು ಮಗಳಿಗೆ ಅಂದಂದೇ ಕಾಣತಕ್ಕದ್ದು. ಅಂಕಿಯ ಜೊತೆಗೆ ಆಕೆಯ ಮಾತನ್ನೂ ಕೇಳಿ ಬರೆದುಕೊಳ್ಳತಕ್ಕದ್ದು. ಭಾರ ಅತಿಯಾದುದು ಕಂಡಲ್ಲಿ ವಿಶ್ರಾಂತಿಯನ್ನು ಕೊಡತಕ್ಕದ್ದು, ಆಯ್ಕೆಯಿಂದ ಕೈಬಿಡಲು ಅದನ್ನು ಕಾರಣವಾಗಿಸತಕ್ಕದ್ದಲ್ಲ. ಬೇಡವೆಂದ ದಿನ ಉಪಕರಣವನ್ನು ಬಿಚ್ಚಿಡುವ ಸ್ವಾತಂತ್ರ್ಯ ಆಕೆಗಿರತಕ್ಕದ್ದು. ಸಂಸ್ಥೆಯು ಒಳ್ಳೆಯದಾದರೆ ಈ ನಾಲ್ಕಕ್ಕೂ ಸಂತೋಷದಿಂದ ಒಪ್ಪೀತು. ಒಪ್ಪದಿದ್ದರೆ ಮಗಳನ್ನು ಎಂತಹವರ ಕೈಗೆ ಒಪ್ಪಿಸಲಾಗುತ್ತಿದೆಯೆಂಬುದಾದರೂ ತಿಳಿದೀತು. ಅದಕ್ಕೂ ಮುಂಚೆ ಆತನು ಮಗಳಿಗೆ ದೂರವಾಣಿ ಮಾಡಿ, ಜಡವಾದ ಕಾಲುಗಳ ವಿಷಯವನ್ನು ಇನ್ನೊಮ್ಮೆ ಕೇಳಲಿ. ತಂಡದಲ್ಲಿ ಉಳಿದರೂ ಬಿಟ್ಟರೂ ಮನೆಯಲ್ಲಿ ಆಕೆಯ ಸ್ಥಾನ ಕದಲುವುದಿಲ್ಲವೆಂದು ಹೇಳಲಿ. ಆಕೆಯ ಹೆಗಲ ಮೇಲಿನ ಭಾರದಲ್ಲಿ ತನ್ನದೂ ಒಂದು ಪಾಲಿತ್ತೆಂಬುದು ಆಗ ಆತನಿಗೇ ತಿಳಿಯಬಹುದು.